ತೆರೆಯದ ಬಾನೆಟ್ಟು: ಎಳೆತ ಎಲ್ಲಿ ಕಳೆದುಹೋಯಿತು?

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಗುಂಡ್ಲುಪೇಟೆ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಬಂಡೀಪುರದ ಕಾಡನ್ನು ದಾಟಿ ಊಟಿಗೆ ಹೋಗುತ್ತದೆ. ಇನ್ನೊಂದು ಮದ್ದೂರು, ಮೂಲೆಹೊಳೆಯ ಮೇಲೆ ಕೇರಳದ ಸುಲ್ತಾನ್ ಬತ್ತೇರಿಗೆ, ಮತ್ತೊಂದು ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ. ಘಾಟಿ ಹತ್ತಲು ಹೊರಟವರು ಗುಂಡ್ಲುಪೇಟೆಯಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ತಿಳಿದವರು ಬಾನೆಟ್ಟು ಎತ್ತಿ ನೀರು, ಆಯಿಲ್ ಕೂಡ ನೋಡಿಕೊಳ್ಳುತ್ತಾರೆ.

ಆಗ ಡ್ಯಾಶ್‌ಬೋರ್ಡಿನ ಕೆಳಗಿರುವ ಹಿಡಿಯನ್ನು ಎಳೆದರೂ 'ಟಕ್' ಎಂಬ ಸದ್ದು ಬರಲಿಲ್ಲ, ಬಾನೆಟ್ಟು ಮೇಲೇಳಲಿಲ್ಲ ಎನ್ನಿ. ಸಾಮಾನ್ಯವಾಗಿ ನಾವು ಎರಡರಲ್ಲಿ ಒಂದು ಕೆಲಸ ಮಾಡುತ್ತೇವೆ. ಹಿಡಿಯನ್ನು ಇನ್ನಷ್ಟು ಜೋರಾಗಿ ಎಳೆಯುತ್ತೇವೆ. ಇಲ್ಲವೇ ಸಂದಿಗೆ ಸಲಾಕೆ ತೂರಿಸಿ ಮೀಟುತ್ತೇವೆ. ಮೊದಲನೆಯದರಿಂದ ಗಟ್ಟಿಯಾಗಿದ್ದ ತಂತಿಯೂ ಕಿತ್ತುಬರುತ್ತದೆ. ಎರಡನೆಯದರಿಂದ ತಗಡು ಸೊಟ್ಟಗಾಗುತ್ತದೆ, ಬಾಗಿಲಂತೂ ತೆರೆಯುವುದಿಲ್ಲ. ಮೂರನೆಯ ದಾರಿಯೊಂದಿದೆ. ಅದಕ್ಕೆ ಬಲ ಬೇಡ, ಒಂದು ಪ್ರಶ್ನೆ ಸಾಕು: ನನ್ನ ಕೈ ಎಳೆದ ಎಳೆತ ಎಲ್ಲಿಯವರೆಗೆ ಹೋಯಿತು, ಎಲ್ಲಿ ಕಳೆದುಹೋಯಿತು?

ಕೈಯಿಂದ ಕೊಕ್ಕೆಯವರೆಗೆ

ಮೊದಲು ದಾರಿಯನ್ನು ಗುರುತಿಸೋಣ. ಹಿಡಿ ಒಂದು ಸನ್ನೆ. ಅದರ ತುದಿಗೆ ಉಕ್ಕಿನ ತಂತಿ ಸಿಕ್ಕಿಸಿರುತ್ತದೆ. ತಂತಿ ಒಂದು ಕೊಳವೆಯಂಥ ಹೊದಿಕೆಯೊಳಗೆ ನುಸುಳಿ, ಎಂಜಿನ್ನಿನ ಪಕ್ಕದಲ್ಲಿ ಬಳಸಿ, ಕಾರಿನ ಮುಂಭಾಗದ ಲಾಕನ್ನು ಮುಟ್ಟುತ್ತದೆ. ಬಾನೆಟ್ಟಿನ ಒಳಮೈಯಲ್ಲಿ ಕಬ್ಬಿಣದ ಬಳೆಯೊಂದು ಇಳಿಬಿದ್ದಿರುತ್ತದೆ. ಲಾಕಿನ ಕೊಕ್ಕೆ ಅದನ್ನು ಕಚ್ಚಿ ಹಿಡಿದಿರುತ್ತದೆ. ತಂತಿ ಎಳೆದಾಗ ಕೊಕ್ಕೆ ಸರಿಯುತ್ತದೆ, ಸ್ಪ್ರಿಂಗು ಬಾನೆಟ್ಟನ್ನು ಬೆರಳು ತೂರುವಷ್ಟು ಮೇಲೆ ತಳ್ಳುತ್ತದೆ. ಆ ಬಳಿಕ ಎರಡನೆಯ ಕೊಕ್ಕೆಯೊಂದನ್ನು ಕೈಯಿಂದಲೇ ಬಿಡಿಸಬೇಕು.

ಹೀಗೆ ಹೊದಿಕೆಯೊಳಗೆ ಎಳೆಯುವ ತಂತಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೈಬ್ರೇಕಿಗೆ ತಂತಿ ಇರುವ ಸೈಕಲ್ಲು ನಿಮ್ಮಲ್ಲಿದ್ದರೆ ಇದನ್ನು ನೀವು ಆಗಲೇ ಕಂಡಿದ್ದೀರಿ. ಇದರ ಗುಟ್ಟು ತಂತಿಯಲ್ಲಿ ಎಷ್ಟಿದೆಯೋ ಹೊದಿಕೆಯಲ್ಲೂ ಅಷ್ಟೇ ಇದೆ. ಒಳಗಿನ ತಂತಿ ಎಳೆತವನ್ನು ತಡೆಯುತ್ತದೆ, ಹೊರಗಿನ ಹೊದಿಕೆ ಒತ್ತಡವನ್ನು ತಡೆಯುತ್ತದೆ. ಹೊದಿಕೆಯ ಎರಡೂ ತುದಿಗಳು ಭದ್ರವಾಗಿ ಕೂತಿದ್ದರೆ ಮಾತ್ರ ಎಳೆತ ಆಚೆ ತುದಿಯನ್ನು ತಲುಪುತ್ತದೆ. ಒಂದು ತುದಿ ಕಳಚಿದರೂ ಹೊದಿಕೆ ಹಾವಿನಂತೆ ಹೊರಳಿ ನಮ್ಮ ಎಳೆತವನ್ನೆಲ್ಲ ನುಂಗಿಬಿಡುತ್ತದೆ.

ಒಬ್ಬರು ಅದುಮಿ, ಒಬ್ಬರು ಎಳೆಯಿರಿ

ಹಿಡಿಯನ್ನು ನಿಧಾನವಾಗಿ ಎಳೆದು ನೋಡಿ. ಬಿಗಿಯಾಗಿದೆಯೇ, ಸಡಿಲವಾಗಿದೆಯೇ? ರೋಗ ಕಂಡುಹಿಡಿಯಲು ಇದೇ ನಾಡಿ.

ಬಿಗಿಯಾಗಿದ್ದರೆ ತಂತಿ ಬಹುಮಟ್ಟಿಗೆ ಸರಿಯಾಗಿದೆ, ಲಾಕು ಹಟ ಹಿಡಿದಿದೆ ಎಂದರ್ಥ. ಚಿತ್ರೀಕರಣಕ್ಕೆಂದು ನಮ್ಮ ತಂಡ ಒಮ್ಮೆ ಚಾಮರಾಜನಗರದ ಕಡೆಯ ಕರಿಕಲ್ಲಿನ ಕ್ವಾರಿಗಳ ಬಳಿ ಕೆಲವು ದಿನ ಓಡಾಡಿತ್ತು. ಆ ಕಲ್ಲಿನ ಪುಡಿ ಲಾಕಿನ ಹಳೆಯ ಗ್ರೀಸಿಗೆ ಅಂಟಿ ಉಪ್ಪುಕಾಗದದಂತಾಗಿತ್ತು. ನಮ್ಮ ಚಾಲಕರು ಹಿಡಿಯನ್ನು ಜಗ್ಗುತ್ತಿದ್ದುದನ್ನು ಕಂಡು ಗುಂಡ್ಲುಪೇಟೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಬಂದ. "ಜಗ್ಗಬ್ಯಾಡಿ ಸಾ, ವೈರು ಕಿತ್ತೋಯ್ತದೆ. ಇಬ್ರು ಬೇಕು. ನಾನು ಅದುಮ್ತೀನಿ, ನೀವು ಎಳೀರಿ" ಎಂದ. ಬಾನೆಟ್ಟಿನ ಮುಂಭಾಗದ ನಡುವೆ, ಲಾಕಿನ ನೇರಕ್ಕೆ, ಎರಡು ಅಂಗೈ ಊರಿ ಕೆಳಗೆ ಒತ್ತಿದ. ಚಾಲಕರು ಎಳೆದರು. 'ಟಕ್' ಎಂದಿತು.

ಇದರಲ್ಲಿ ಮಂತ್ರವೇನೂ ಇಲ್ಲ, ನಿಮ್ಮ ಪಠ್ಯಪುಸ್ತಕದ ಘರ್ಷಣೆಯ ಪಾಠವೇ ಇದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿಕೊಂಡಾಗ ಅಗುಳಿ ಸರಿಯುವುದಿಲ್ಲ. ಆಗ ಅಮ್ಮ ಏನು ಮಾಡುತ್ತಾರೆ? ಒಂದು ಕೈಯಿಂದ ಬಾಗಿಲನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅಗುಳಿ ಸರಿಸುತ್ತಾರೆ. ಎರಡು ಮೈಗಳು ಒಂದನ್ನೊಂದು ಎಷ್ಟು ಬಲವಾಗಿ ಒತ್ತಿಕೊಂಡಿರುತ್ತವೆಯೋ ಅವುಗಳ ನಡುವಣ ಘರ್ಷಣೆಯೂ ಅಷ್ಟು ಹೆಚ್ಚಾಗಬಲ್ಲದು. ಮುಚ್ಚಿದ ಬಾನೆಟ್ಟನ್ನು ಸ್ಪ್ರಿಂಗು ಮತ್ತು ರಬ್ಬರ್ ಗುಂಡಿಗಳು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಆದ್ದರಿಂದ ಬಳೆ ಕೊಕ್ಕೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಮೇಲಿನಿಂದ ಅದುಮಿದರೆ ಆ ಬಿಗಿ ಇಳಿಯುತ್ತದೆ, ಘರ್ಷಣೆ ತಗ್ಗುತ್ತದೆ, ಸಾಧಾರಣ ಎಳೆತಕ್ಕೇ ಕೊಕ್ಕೆ ಸರಿಯುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಹಿಡಿಯನ್ನು ಎಳೆದ ಸ್ಥಿತಿಯಲ್ಲಿ ಹಗ್ಗದಿಂದ ಕಟ್ಟಿ, ಆಮೇಲೆ ಹೋಗಿ ಅದುಮಬಹುದು. ಅದುಮುವಾಗ ಅಂಗೈ ಬಳಸಿ, ಮುಷ್ಟಿಯಿಂದ ಗುದ್ದಬೇಡಿ.

ಹಿಡಿ ಸಡಿಲವಾಗಿದ್ದರೆ

ಹಿಡಿ ಯಾವ ತಡೆಯೂ ಇಲ್ಲದೆ ಕೈಗೆ ಬಂದರೆ ಎಳೆತ ದಾರಿಯಲ್ಲೆಲ್ಲೋ ಸೋರಿದೆ. ಮೊದಲು ಈಚೆ ತುದಿಯಿಂದಲೇ ಹುಡುಕಿ. ಹಿಡಿ ಪ್ಲಾಸ್ಟಿಕ್ಕಿನದಾದರೆ ಅದೇ ಬಿರುಕು ಬಿಟ್ಟಿರಬಹುದು. ತಂತಿಯ ತುದಿಯ ಗುಂಡು ತನ್ನ ಗೂಡಿನಿಂದ ಜಾರಿರಬಹುದು. ಟಾರ್ಚು ಹಾಕಿ ನೋಡಿ. ತಂತಿಯ ತುದಿ ಕಂಡರೆ ಇಕ್ಕಳದಿಂದ ಹಿಡಿದು, ಹೊದಿಕೆ ಯಾವ ದಿಕ್ಕಿಗೆ ಹೋಗಿದೆಯೋ ಅದಕ್ಕೆ ನೇರವಾಗಿ, ನಿಧಾನವಾಗಿ ಎಳೆಯಿರಿ. ಅಡ್ಡಕ್ಕೆ ಎಳೆದರೆ ತಂತಿಯ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಹೊದಿಕೆಯೇ ಕ್ಲಿಪ್ಪಿನಿಂದ ಕಳಚಿದ್ದರೆ ಅದನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ತಂತಿ ಎಳೆಯಿರಿ. ಇಲ್ಲಿಯೂ ಇನ್ನೊಬ್ಬರು ಹೊರಗೆ ಬಾನೆಟ್ಟನ್ನು ಅದುಮಿ ನಿಂತರೆ ಕೆಲಸ ಹಗುರ.

ಎಳೆದಷ್ಟೂ ತಂತಿ ಉದ್ದಕ್ಕೆ ಬರುತ್ತಲೇ ಹೋದರೆ ಅದು ಲಾಕಿನ ಕಡೆ ತುಂಡಾಗಿದೆ. ಇದು ಕಷ್ಟದ ಸಂದರ್ಭ. ಮುಂಭಾಗದ ಜಾಲರಿಯ ಮೂಲಕ ಅಥವಾ ಕಾರಿನ ಕೆಳಗಿನಿಂದ ಲಾಕನ್ನು ಮುಟ್ಟಬೇಕು. ದಾರಿ ಕಾರಿನಿಂದ ಕಾರಿಗೆ ಬೇರೆ. ಇದನ್ನು ಗ್ಯಾರೇಜಿಗೆ ಬಿಡಿ. ಅದಕ್ಕೆ ಮೂರು ಕಾರಣಗಳಿವೆ. ಎಂಜಿನ್ ನಿಲ್ಲಿಸಿದ ಮೇಲೂ ವಿದ್ಯುತ್ ಫ್ಯಾನು ತಾನಾಗಿ ತಿರುಗಲು ಶುರುವಾಗಬಹುದು, ಬೆರಳು ಅಲ್ಲಿರಬಾರದು. ಕುರುಡಾಗಿ ತೂರಿಸಿದ ಕಬ್ಬಿಣದ ಕಡ್ಡಿ ಬ್ಯಾಟರಿಯ ತಂತಿಗೆ ತಗುಲಿದರೆ ಕಿಡಿ ಹಾರುತ್ತದೆ. ಇನ್ನು, ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಎಂದಿಗೂ ನುಸುಳಬಾರದು. ಲಾಕು ವಿದ್ಯುತ್ತಿನಿಂದ ತೆರೆಯುವ ಹೊಸ ಕಾರುಗಳಲ್ಲಿ ಕಾರಿನ ಕೈಪಿಡಿ ಹೇಳಿದ ಕ್ರಮವನ್ನೇ ಅನುಸರಿಸಬೇಕು.

ತೆರೆಯಬಾರದ ಹೊತ್ತು

ಎಂಜಿನ್ ಕಾದು ಆವಿ ಬರುತ್ತಿದ್ದರೆ ಬಾನೆಟ್ಟಿನ ಜೊತೆ ಗುದ್ದಾಡಬೇಡಿ. ಎಂಜಿನ್ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ. ರೇಡಿಯೇಟರಿನೊಳಗೆ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಸುಟ್ಟ ವಾಸನೆಯ ಹೊಗೆ ಬಂದರೆ ಎಲ್ಲರೂ ಇಳಿದು ದೂರ ಹೋಗಬೇಕು. ಬಾನೆಟ್ಟು ಎತ್ತಿದರೆ ಒಳಗಿನ ಬೆಂಕಿಗೆ ನಾವೇ ಗಾಳಿ ಹಾಕಿದಂತೆ.

ಸ್ಥಳದ ವಿಚಾರವೂ ಮುಖ್ಯ. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಹಗಲಿನಲ್ಲಿಯೂ ಆನೆ, ಕಾಟಿ ತಿರುಗುವ ಆ ದಾರಿಯಲ್ಲಿ ಕಾರಿನಿಂದಿಳಿದು ರಿಪೇರಿಗೆ ನಿಲ್ಲುವುದು ಕ್ಷೇಮವಲ್ಲ. ಬಾನೆಟ್ಟು ತೆರೆಯುತ್ತದೆಯೇ ಎಂದು ಗುಂಡ್ಲುಪೇಟೆಯಲ್ಲೇ ನೋಡಿಕೊಳ್ಳಬೇಕಾದದ್ದು ಅದಕ್ಕಾಗಿಯೇ.

ತೆರೆದ ಮೇಲೆ

ತೆರೆದ ಸಂತೋಷದಲ್ಲಿ ಬಾನೆಟ್ಟನ್ನು ಧಡಾರನೆ ಮುಚ್ಚಿಬಿಟ್ಟರೆ ಮತ್ತೆ ಮೊದಲಿನ ಪಾಡೇ. ಮೊದಲು ಲಾಕನ್ನು ಒರೆಸಿ, ಹಳೆಯ ಗ್ರೀಸು ತೆಗೆದು, ಹೊಸ ಗ್ರೀಸು ತೆಳುವಾಗಿ ಸವರಿ. ಬಳಿಕ, ಬಾನೆಟ್ಟು ಮೇಲೆಯೇ ಇರುವಾಗ, ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ ಲಾಕಾಗುವಂತೆ ಮಾಡಿ. ಈಗ ಒಳಗಿನ ಹಿಡಿ ಎಳೆಯಿರಿ. ಕೊಕ್ಕೆ ಬಿಟ್ಟುಕೊಂಡಿತೇ? ಎರಡು ಮೂರು ಸಲ ಹೀಗೆ ಪರೀಕ್ಷಿಸಿದ ಮೇಲೆಯೇ ಮುಚ್ಚಿ. ತಂತಿಯ ಒಂದು ಎಳೆ ಹರಿದಿದ್ದರೂ ಕೇಬಲ್ ಬದಲಾಯಿಸುವುದು ಜಾಣತನ.

ಲಾಕು ಸರಿಯಿಲ್ಲವೆಂದು ಬಾನೆಟ್ಟನ್ನು ಅರೆಬರೆ ಮುಚ್ಚಿ ಓಡಿಸುವವರೂ ಇದ್ದಾರೆ. ಮುಂದಿನ ಸಂದಿಗೆ ನುಗ್ಗುವ ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದುದು 80ಕ್ಕೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬಾನೆಟ್ಟು ಎದ್ದು ಮುಂಗಾಜಿಗೆ ಬಡಿದರೆ ಚಾಲಕನಿಗೆ ದಾರಿಯೇ ಕಾಣದು. ಎರಡನೆಯ ಕೊಕ್ಕೆ ಇರುವುದು ಈ ಅಪಾಯವನ್ನು ತಡೆಯಲಿಕ್ಕೇ. ಅದು ಕಿರಿಕಿರಿಯೆಂದು ಯಾರೂ ಕಿತ್ತುಹಾಕಬಾರದು.

ನಿಮಗೊಂದು ಪುಟ್ಟ ಪ್ರಯೋಗ. ಸೈಕಲ್ ಅಂಗಡಿಯಿಂದ ಹಳೆಯ ಬ್ರೇಕ್ ಕೇಬಲ್ ಕೇಳಿ ತನ್ನಿ. ಹೊದಿಕೆಯ ಎರಡೂ ತುದಿಗಳನ್ನು ಗೆಳೆಯರಿಬ್ಬರು ಬಿಗಿಯಾಗಿ ಹಿಡಿಯಲಿ. ತಂತಿಯ ಆಚೆ ತುದಿಗೆ ಒಂದು ಕಲ್ಲು ಕಟ್ಟಿ ಈಚೆಯಿಂದ ಎಳೆಯಿರಿ, ಕಲ್ಲು ಮೇಲೇಳುತ್ತದೆ. ಆಮೇಲೆ ಒಬ್ಬರು ಹೊದಿಕೆಯನ್ನು ಬಿಡಲಿ. ಅಷ್ಟೇ ಎಳೆದರೂ ಕಲ್ಲಿಗೆ ಏನಾಗುತ್ತದೆ, ಹೊದಿಕೆಗೆ ಏನಾಗುತ್ತದೆ, ಟಿಪ್ಪಣಿ ಬರೆದಿಡಿ. ಮುಂದೆ ಮನೆಯ ಬಾಗಿಲು, ಬಾವಿಯ ರಾಟೆ, ನೀರಿನ ಪಂಪು ಯಾವುದೇ ಮೊರಾಯಿಸಿದರೂ ಸುತ್ತಿಗೆ ಎತ್ತುವ ಮೊದಲು ಇದೇ ಪ್ರಶ್ನೆ ಕೇಳಿಕೊಳ್ಳಿ: ಬಲ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು?