ಹಸಿವಿಲ್ಲದ ಹೊಟ್ಟೆಗೆ ಊಟ ಮಾಡಿಸೋದು

ನಾನು ಹುಬ್ಬಳ್ಳಿಯವನು, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹೋದ ವರ್ಷ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡೆ, ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅಂತಾರಲ್ಲ, ಅದು. ಎಷ್ಟು ಕಿಲೋ ಇಳಿದೆ ಅನ್ನೋದು ಇವತ್ತಿನ ಮಾತಲ್ಲ. ಆಪರೇಷನ್ ಆದ ಮೇಲೆ ಹಸಿವು ಅನ್ನೋದೇ ಮಾಯವಾಗುತ್ತಲ್ಲ, ಅದರ ಬಗ್ಗೆ ಮಾತಾಡೋಣ.

ಕೇಳಿದವರೆಲ್ಲ ಹೇಳೋದು ಒಂದೇ: "ಹಸಿವೇ ಆಗಲ್ವಾ? ಪುಣ್ಯವಂತ ಬಿಡಪ್ಪಾ!" ನನಗೆ ಹಾಗೆ ಅನ್ನಿಸಲಿಲ್ಲ. ಹಸಿವು ಬರೀ ಆಸೆ ಅಲ್ಲ, ಊಟದ ಹೊತ್ತನ್ನ ನೆನಪಿಸೋ ಗಂಟೆ. ಆ ಗಂಟೆ ನಿಂತುಹೋದರೆ ಬೆಳಿಗ್ಗೆ ಒಂಬತ್ತರ ಸ್ಟ್ಯಾಂಡಪ್‌ಗೆ ಕೂತವನು ಸಂಜೆ ಐದಕ್ಕೆ ಏಳಬಹುದು, ಹೊಟ್ಟೆ ಚಕಾರ ಎತ್ತಲ್ಲ.

ಯಾಕೆ ಹೀಗೆ? ಈ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವನ್ನ ಎಬ್ಬಿಸೋ ಘ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನ ಗುರುತಿಸಿದರು. ತೆಗೆಯೋದರಲ್ಲಿ ಆ ಮೇಲ್ಭಾಗವೂ ಹೋಗುತ್ತೆ. ಅಂದಮೇಲೆ ಹಸಿವು ಆಗದಿದ್ದರೆ ಅದು ನಿಮ್ಮ ಮನಸ್ಸಿನ ಗಟ್ಟಿತನ ಅಲ್ಲ, ರೋಗವೂ ಅಲ್ಲ. ಆದರೆ ಮೈಗೆ ಬೇಕಾದದ್ದು ಬೇಕೇ ಬೇಕು.

ನನಗೆ ಡಯಟಿಶಿಯನ್ ಕೊಟ್ಟ ಲೆಕ್ಕ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಒಂದೂವರೆ ಲೀಟರ್ ನೀರು. ಕೇಳೋಕೆ ಸುಲಭ. ಒಂದು ಮೊಟ್ಟೆಯಲ್ಲಿ ಇರೋದು ಸುಮಾರು 6 ಗ್ರಾಂ. ಒಂದು ಲೋಟ ಹಾಲಲ್ಲಿ ಹೆಚ್ಚುಕಮ್ಮಿ ಅಷ್ಟೇ. 50 ಗ್ರಾಂ ಪನೀರ್ ಅಂದರೆ ಒಂಬತ್ತು. ನಾವು ಪಥ್ಯ ಅಂದ್ಕೊಳ್ಳೋ ಬೇಳೆಕಟ್ಟಿನ ತಿಳಿಸಾರಲ್ಲಿ ಪ್ರೋಟೀನ್ ಹೆಸರಿಗಷ್ಟೇ, ಬೇಳೆ ತಳದಲ್ಲೇ ಉಳಿದಿರುತ್ತೆ. ಅದಕ್ಕೇ ನಾಲ್ಕೈದು ತುತ್ತಿಗೇ ತುಂಬೋ ಹೊಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನ್‌ದೇ ಆಗಿರಬೇಕು. ಪ್ರೋಟೀನ್ ಸಾಲದಿದ್ದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತೆ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರೋದು ಬಹಳ ಜನರಿಗೆ ಆಗೋದೇ, ಆದರೆ ಊಟ ಸಾಲದಿದ್ದರೆ ಅದು ಇನ್ನೂ ಜಾಸ್ತಿ.

ನಾನು ಮಾಡಿದ್ದು ಇಷ್ಟು. ದಿನಕ್ಕೆ ಆರು ಹೊತ್ತು ಅಂತ ಆಫೀಸ್ ಕ್ಯಾಲೆಂಡರ್‌ನಲ್ಲೇ ಬ್ಲಾಕ್ ಮಾಡಿದೆ. ಆ ಹೊತ್ತಿಗೆ ಯಾರಾದರೂ ಕಾಲ್ ಇಟ್ಟರೆ ಡಿಕ್ಲೈನ್. ಹಸಿವಾಗಿದೆಯಾ ಅಂತ ನನ್ನನ್ನೇ ಕೇಳಿಕೊಳ್ಳೋದನ್ನ ಬಿಟ್ಟೆ, ಮಾತ್ರೆ ತಗೊಂಡ ಹಾಗೆ ತಗೊಂಡೆ. ಊಟದ ಜೊತೆ ನೀರಿಲ್ಲ, ಆದ ಮೇಲೆ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದೊಡ್ಡ ತಟ್ಟೆ ನೋಡಿದರೇ ಬೇಸರ ಬರ್ತಿತ್ತು, ಹಾಗಾಗಿ ಮಗಳ ಪುಟ್ಟ ಬಟ್ಟಲು, ಟೀ ಚಮಚ. ವಾಸನೆಗೆ ಹೊಟ್ಟೆ ತೊಳಸಿದಾಗ ಬಿಸಿ ಅಡುಗೆಗಿಂತ ತಣ್ಣಗಿನದು ಒಳಗೆ ಹೋಗುತ್ತೆ. ಗಟ್ಟಿ ಮೊಸರು, ನುಣ್ಣಗೆ ಕಡೆದ ಹೆಸರುಬೇಳೆ, ಆಮೇಲೆ ಮೆತ್ತನ ಆಹಾರಕ್ಕೆ ಡಾಕ್ಟರ್ ಒಪ್ಪಿದ ಮೇಲೆ ಝುಣಕ, ಜೋಳದ ನುಚ್ಚಿಗೆ ಮೊಸರು. ನಮ್ಮ ಊರಿನ ಝುಣಕ ಇಂಥ ಹೊತ್ತಿಗೆ ಇಷ್ಟು ಒದಗುತ್ತೆ ಅಂತ ಗೊತ್ತಿರಲಿಲ್ಲ. ಜೋಳದ ರೊಟ್ಟಿ ಮಾತ್ರ ಬಹಳ ತಿಂಗಳು ಹತ್ತಿರ ಬರಲಿಲ್ಲ.

ಕಷ್ಟ ಅಂದರೆ ಮನೆಯವರದು. ನಮ್ಮಲ್ಲಿ ಪ್ರೀತಿ ಬಡಿಸೋದೇ ತಟ್ಟೆಯಲ್ಲಿ. ಅವ್ವ ಊರಿಂದ ವಿಡಿಯೋ ಕಾಲ್ ಮಾಡಿ "ಒಂದ್ ತುತ್ತರ ಜಾಸ್ತಿ ತಿನ್ನೋ ತಮ್ಮಾ, ಗಾಳಿಗೆ ಹಾರಿ ಹೋಗ್ತಿ" ಅಂತ ಅಳೋಳು. ಒಂದು ತುತ್ತು ಜಾಸ್ತಿ ಆದರೆ ಎದೆ ಒತ್ತಿ ಬಿಕ್ಕಳಿಕೆ ಬರುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಅದನ್ನ ಹೇಳಿ ಹೇಳಿ ಸಾಕಾಯ್ತು. ಕೊನೆಗೆ ಹೆಂಡತಿ ಒಂದು ಉಪಾಯ ಮಾಡಿದಳು: ಆರೂ ಹೊತ್ತಿನ ಬಟ್ಟಲಿನ ಫೋಟೋ ಅವ್ವನಿಗೆ ವಾಟ್ಸಾಪ್ ಮಾಡೋದು. ಎಷ್ಟು ತಿಂದೆ ಅನ್ನೋದರ ಬದಲು ಎಷ್ಟು ಸಲ ತಿಂದೆ ಅನ್ನೋದನ್ನ ಅವ್ವ ಎಣಿಸೋಕೆ ಶುರು ಮಾಡಿದಳು. ಮಧ್ಯಾಹ್ನದ ಫೋಟೋ ತಡವಾದರೆ ಫೋನ್ ಗ್ಯಾರಂಟಿ!

ಒಂಟಿಯಾಗಿ ಪಿಜಿಯಲ್ಲೋ ಫ್ಲಾಟ್‌ನಲ್ಲೋ ಇರೋರು ಇದನ್ನ ಗಟ್ಟಿಯಾಗಿ ಕೇಳಿಸ್ಕೊಳ್ಳಿ. ಹಸಿವಿಲ್ಲದಿರೋದು ಒಂದು, ಕುಡಿದ ನೀರೂ ನಿಲ್ಲದಿರೋದು ಬೇರೆ. ಪದೇ ಪದೇ ವಾಂತಿ, ಮೂತ್ರ ಕಡಿಮೆಯಾಗಿ ಗಾಢ ಬಣ್ಣ, ಎದ್ದರೆ ತಲೆಸುತ್ತು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿ1, ಅಂದರೆ ಥಯಾಮಿನ್, ಮೈಯಲ್ಲಿ ಕೆಲವು ವಾರಗಳಿಗೆ ಸಾಕಾಗುವಷ್ಟು ಮಾತ್ರ ಇರುತ್ತೆ. ವಾಂತಿ ಮುಂದುವರಿದರೆ ಅದು ಖಾಲಿಯಾಗಿ ಕಣ್ಣು ಎರಡೆರಡಾಗಿ ಕಾಣೋದು, ನಡಿಗೆ ತೂರಾಡೋದು, ಗೊಂದಲ ಎಲ್ಲ ಶುರುವಾಗಬಹುದು, ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಯಾವ ಕ್ಲಿನಿಕ್‌ಗೆ ಹೋದರೂ ಗ್ಲೂಕೋಸ್ ಏರಿಸೋ ಮುಂಚೆಯೇ "ನನಗೆ ಹೊಟ್ಟೆ ಆಪರೇಷನ್ ಆಗಿದೆ, ವಾಂತಿ ಇದೆ, ಬಿ1 ಬೇಕಾಗಬಹುದು" ಅಂತ ಹೇಳಿ. ಬರೀ ಗ್ಲೂಕೋಸ್ ಹೋದರೆ ಆ ಕೊರತೆ ಇನ್ನೂ ಕೆಡಬಹುದು. ಡಿಸ್ಚಾರ್ಜ್ ಕಾಗದದ ಫೋಟೋ ಫೋನಲ್ಲಿ ಇರಲಿ, ರೂಮ್‌ಮೇಟ್ ಹತ್ತಿರವೂ ಒಂದು ಇರಲಿ.

ಇನ್ನೊಂದು: ಊಟ ಮಾತ್ರ ಅಲ್ಲ, ಹಾಡು, ಗೆಳೆಯರು, ಯಾವುದೂ ಬೇಡ ಅನ್ನಿಸ್ತಿದ್ದರೆ ಅದನ್ನ ಆಪರೇಷನ್ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ. ಅದು ಖಿನ್ನತೆ ಇರಬಹುದು, ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ.

ಬಹಳ ಜನರಿಗೆ ತಿಂಗಳುಗಳು ಕಳೆದಂತೆ ಹಸಿವು ಸ್ವಲ್ಪ ಸ್ವಲ್ಪ ವಾಪಸ್ ಬರುತ್ತೆ. ನನಗೆ ಬಂದದ್ದು ಒಂಬತ್ತನೇ ತಿಂಗಳಲ್ಲಿ, ಪಕ್ಕದ ಮನೆಯ ಒಗ್ಗರಣೆ ವಾಸನೆಗೆ. ಕ್ಯಾಲೆಂಡರ್‌ನ ಬ್ಲಾಕ್‌ಗಳನ್ನ ಮಾತ್ರ ಇನ್ನೂ ತೆಗೆದಿಲ್ಲ.