ರಾಜೀನಾಮೆಯ ರಾಜಿ

ಕನ್ನಡದಲ್ಲಿ ನೆಲೆಗೊಂಡ ಪಾರಸಿ ಮಾತುಗಳಲ್ಲಿ ‘ರಾಜೀನಾಮೆ’ಯೂ ಒಂದು. ರಾಜಿ ಎಂದರೆ ಒಪ್ಪಿಗೆ. ನಾಮೆ ಎಂದರೆ ಪತ್ರ. ವಾದಿ ಪ್ರತಿವಾದಿಗಳು ‘ರಾಜಿಯಾದರು’ ಎನ್ನುವಾಗ ಈ ಮೂಲಾರ್ಥ ಇನ್ನೂ ಉಳಿದಿದೆ. ನಾವಾದರೋ ಕೆಲಸ ಬಿಡುವ ಕಾಗದಕ್ಕೆ ಒಪ್ಪಿಗೆಯ ಪತ್ರವೆಂದು ಹೆಸರಿಟ್ಟಿದ್ದೇವೆ. ಒಪ್ಪಿಗೆ ಯಾರದು? ಮೂವತ್ತು ವರ್ಷ ತರಗತಿಯಲ್ಲಿ ಶಬ್ದಾರ್ಥ ಹೇಳಿದ ನನಗೆ ಈ ಪ್ರಶ್ನೆ ಮೊದಲು ಎದುರಾದುದು ಪುಸ್ತಕದಲ್ಲಲ್ಲ, ಬಾಣಂತಿಯ ಕೋಣೆಯಲ್ಲಿ.

ಈಚೆಗೆ ನವುಲೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಬೆಂಗಳೂರಿನ ಖಾಸಗಿ ಕಂಪೆನಿಯಲ್ಲಿ ನೌಕರಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದಳು: “ಮೇಡಂ, ಕೆಲಸ ಬಿಡೋಣ ಅಂತ ಇದೀನಿ. ಬಿಡೋದು ಅಂತ ಆದಮೇಲೂ ರಜೆಯ ಸಂಬಳ ತಗೊಳ್ಳೋದು ಮೋಸ ಅಲ್ವಾ? ಈಗಲೇ ಬರೆದು ಕೊಟ್ಟುಬಿಡಲಾ?”

ನನಗೆ 1989ರ ಮಳೆಗಾಲ ನೆನಪಾಯಿತು. ಆಗ ನಾನು ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ರಜೆ ಮೂರು ತಿಂಗಳು. ಮಗಳು ಹುಟ್ಟಿ ಏಳನೆಯ ವಾರ. ಮನೆಯಲ್ಲಿ ದಿನವೆಲ್ಲ ಅಳು, ಅರ್ಧ ಮಗುವಿನದು, ಅರ್ಧ ನನ್ನದು. ಒಂದು ಸಂಜೆ ರಾಜೀನಾಮೆ ಬರೆದೆ. ಅಮ್ಮ ಓದುಬರಹ ಬಲ್ಲವಳಲ್ಲ. ವಿಷಯ ತಿಳಿದು ಇಷ್ಟು ಮಾತ್ರ ಹೇಳಿದಳು: “ಹಸಿ ಮೈಯಲ್ಲಿ ತಣ್ಣೀರು ಮುಟ್ಟಬೇಡ ಅಂತೀವಿ. ಕಾಗದಕ್ಕೂ ಸಹಿ ಹಾಕಬೇಡ ಕಣೇ. ಮೂರು ತಿಂಗಳು ತುಂಬಲಿ. ಆಗಲೂ ಬೇಡ ಅನ್ನಿಸಿದರೆ ನಾನೇ ಅಂಚೆಗೆ ಹಾಕಿ ಬರ್ತೀನಿ.”

ಮೂರು ತಿಂಗಳು ತುಂಬಿದಾಗ ಆ ಕಾಗದ ಪರರದೆಂಬಂತೆ ಕಂಡಿತು. ಅದನ್ನು ಬರೆಸಿದ್ದು ನಿದ್ದೆಗೇಡು. ಕೆಲಸಕ್ಕೆ ಮರಳಿದೆ, ಸುಖವಾಗಿತ್ತೆಂದು ಹೇಳಲಾರೆ. ಪಾಠದ ನಡುವೆ ಎದೆಹಾಲು ಸೀರೆಯನ್ನು ತೋಯಿಸಿದಾಗ ಪುಸ್ತಕವನ್ನು ಅವಚಿಕೊಂಡು ಪದ್ಯದ ಅರ್ಥ ಹೇಳಿದ್ದೇನೆ. ಮಗಳ ಮೊದಲ ಹೆಜ್ಜೆಯನ್ನು ಅಮ್ಮ ನೋಡಿದಳು; ನಾನು ಕೇಳಿ ತಿಳಿದೆ.

ಆದುದರಿಂದ ಆ ಹುಡುಗಿಗೆ ‘ಬಿಡಬೇಡ’ ಎನ್ನಲಿಲ್ಲ. ಮೋಸದ ಮಾತಿಗೆ ಮಾತ್ರ ಉತ್ತರ ಕೊಟ್ಟೆ. “ನೋಡಮ್ಮ, ಈ ರಜೆ ಮುಂದಿನ ದುಡಿಮೆಗೆ ಕೊಟ್ಟ ಮುಂಗಡವಲ್ಲ. ಹೆರಿಗೆಗೆ ಮುನ್ನಿನ 12 ತಿಂಗಳಲ್ಲಿ 80 ದಿನ ದುಡಿದಿದ್ದಾಳೆಯೆ ಎಂದಷ್ಟೇ ಕಾನೂನು ಕೇಳುತ್ತದೆ. ಆಮೇಲೆ ಇಂತಿಷ್ಟು ದಿನ ದುಡಿಯಲೇಬೇಕೆಂಬ ಷರತ್ತು ಅಲ್ಲಿಲ್ಲ. ನೀನು ಪಡೆಯುತ್ತಿರುವುದು ಗಳಿಸಿದ್ದು, ಭಿಕ್ಷೆಯಲ್ಲ.”

1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟುದು 12 ವಾರ. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು; 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ರಜೆಯಲ್ಲಿರುವವಳನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ತಾನಾಗಿ ಬಿಡುವವಳನ್ನು ಯಾವ ಕಾನೂನೂ ಕೈಹಿಡಿದು ನಿಲ್ಲಿಸದು. ಅವಸರ ಸಲ್ಲದೆಂದು ನಾನು ಹೇಳುವುದು ಅದಕ್ಕೇ.

ಲೆಕ್ಕವೂ ಉಂಟು. ಖಾಯಂ ನೌಕರಳಿಗೆ ಗ್ರಾಚ್ಯುಟಿ ದೊರೆಯಲು ಐದು ವರ್ಷದ ಅಖಂಡ ಸೇವೆ ಬೇಕು. ಹೆರಿಗೆ ರಜೆಯ ದಿನಗಳೂ ಅದರಲ್ಲಿ ಸೇರುತ್ತವೆ. ನಾಲ್ಕೂವರೆ ವರ್ಷವಾದವಳು ಅವಸರಪಟ್ಟರೆ ಕಳೆದುಕೊಳ್ಳುವಳು. ಸರ್ಕಾರಿ ಸೇವೆಯಲ್ಲಂತೂ ರಾಜೀನಾಮೆಯೊಡನೆ ಹಿಂದಿನ ಸೇವೆಯೂ ಸಾಮಾನ್ಯವಾಗಿ ಪಿಂಚಣಿಯ ಲೆಕ್ಕದಿಂದ ಜಾರುತ್ತದೆ. ರಜೆಯ ಅವಧಿಯಲ್ಲಿ ಬೇರೆಡೆ ದುಡಿದರೆ ಆ ಅವಧಿಯ ಸೌಲಭ್ಯಕ್ಕೆ ಎರವಾಗಬೇಕಾಗುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು. ಅದಿದೆಯೆ ಎಂದು ವಿಚಾರಿಸದೆ ನಿರ್ಧರಿಸುವುದೇಕೆ?

ಹಾಗೆಂದು ಋಣವೇ ಇಲ್ಲವೆನ್ನಲಾರೆ. ತನ್ನ ಪಾಲಿನ ಕೆಲಸವನ್ನು ಹೊತ್ತಿರುವ ಸಹೋದ್ಯೋಗಿಗೆ ಮುನ್ಸೂಚನೆ ಕೊಡಬೇಕು. ಕರಾರಿನಲ್ಲಿರುವಷ್ಟು ದಿನ ಮೊದಲೇ ತಿಳಿಸಿ, ಬಿಡುಗಡೆಯ ದಿನಾಂಕವನ್ನು ರಜೆ ಮುಗಿದ ಮೇಲಕ್ಕೆ ಇಟ್ಟುಕೊಂಡರೆ ಎರಡು ಕಡೆಗೂ ನ್ಯಾಯವಾದೀತು.

“ಇನ್ನೂ ಎಂಟು ವಾರ ಇದೆ ಮೇಡಂ,” ಎಂದಳು ಹುಡುಗಿ. ಮಗು ಎಚ್ಚತ್ತು ಅತ್ತಿತು. ಮಾತು ಅಲ್ಲಿಗೆ ನಿಂತಿತು. ಅವಳು ಬಿಡುವಳೋ ಉಳಿಯುವಳೋ ನನಗೆ ತಿಳಿಯದು. ಬಿಟ್ಟರೆ ವ್ಯಥೆಯಿಲ್ಲ. ಆದರೆ ಅದು ದಣಿವಿನ ಸಹಿಯಾಗಬಾರದು, ಮನೆಯವರ ಬಾಯಿಗೆ ಹೆದರಿದ ಸಹಿಯಾಗಬಾರದು. ಮಾಲೀಕರ ಅಂಗೀಕಾರ ಆಮೇಲಿನ ಮಾತು. ಪತ್ರಕ್ಕೆ ಮೊದಲು ಬೇಕಾದುದು ಬರೆದವಳ ರಾಜಿ.

(ಕೃಪೆ: ಆಕಾಶವಾಣಿ, ಭದ್ರಾವತಿ)