ಮಕ್ಕಳ ಎದುರಲ್ಲೇ ನಾವಾಡುವ ಮಾತು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ಉಳಿತಾಯ, ಸಾಲದ ವಿಷಯ ಪ್ರತಿ ಸಭೆಯಲ್ಲೂ ಮಾತಾಡ್ತೀವಿ. ಇವತ್ತು ಹರೆಯಕ್ಕೆ ಬಂದಿರುವ ಆಟಿಸಂ ಇರುವ ಮಕ್ಕಳ ಬಗ್ಗೆ ಮಾತಾಡೋಣ. ಇಂಥ ಮಕ್ಕಳ ತಾಯಂದಿರು ನಮ್ಮ ಸಂಘಗಳಲ್ಲೂ ಇದ್ದಾರೆ.

ಆಟಿಸಂ ಯಾರ ಶಾಪವೂ ಅಲ್ಲ, ತಾಯಿ ಸರಿಯಾಗಿ ಸಾಕದೆ ಬಂದದ್ದೂ ಅಲ್ಲ. ಈ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ. ಕೆಲವರಿಗೆ ಮಾತು ಬರುವುದಿಲ್ಲ, ಕೆಲವರು ಚೆನ್ನಾಗಿ ಮಾತಾಡ್ತಾರೆ. ಮಿಕ್ಸಿಯ ಸದ್ದು, ಜಾತ್ರೆಯ ಗದ್ದಲ ಹಲವರಿಗೆ ತಡೆಯಲಾಗದಷ್ಟು ಕಷ್ಟ.

ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಭೇಟಿ ಕೊಟ್ಟಿದ್ದೆ. ಹದಿನೈದು ವರ್ಷದ ಹುಡುಗ ಮೂಲೆಯಲ್ಲಿ ಕೂತು ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದ. "ಇವನಿಗೆ ಏನೂ ಗೊತ್ತಾಗಲ್ಲ ಸಿಸ್ಟರ್" ಅಂತ ತಾಯಿ ಅತ್ತರು. ಅವನ ಊಟ, ನಿದ್ದೆ, ಕೋಪ ಎಲ್ಲವನ್ನೂ ನಾನು ತಾಯಿಯನ್ನೇ ಕೇಳಿ ಬರೆದುಕೊಂಡೆ.

ಮುಂದಿನ ತಿಂಗಳು ಹೋದಾಗ ಮೊದಲ ಸಲ ಅವನನ್ನೇ ಕೇಳಿದೆ, "ಹೇಗಿದ್ದೀಯಪ್ಪಾ?" ಮುಚ್ಚಳ ನೋಡ್ತಾನೇ ಅವನು ಹೇಳಿದ, "ಇವನಿಗೆ ಏನೂ ಗೊತ್ತಾಗಲ್ಲ ಸಿಸ್ಟರ್."

ಕೇಳಿದ ಮಾತನ್ನು ಹಾಗೇ ಮರಳಿ ಹೇಳುವುದು ಆಟಿಸಂನಲ್ಲಿ ಸಾಮಾನ್ಯ. ಆದರೂ ನಾನು ತಲೆ ತಗ್ಗಿಸಿದೆ. ತಾಯಿಯದು ಸಂಕಟದ ಮಾತು. ಸಮಾಜಕಾರ್ಯ ಓದಿದ ನಾನಾದರೂ ಅವನ ಕಡೆ ತಿರುಗಿ ಕೂರಬೇಕಿತ್ತು.

ಹರೆಯದಲ್ಲಿ "ನಾನು ಯಾರು?" ಎಂಬ ಪ್ರಶ್ನೆ ಈ ಮಕ್ಕಳಲ್ಲೂ ಏಳುತ್ತದೆ. ಉತ್ತರ ಸಿಗುವುದು ಹೆಚ್ಚಾಗಿ ನಮ್ಮ ಬಾಯಿಂದ. ಅದಕ್ಕೆ ಕೆಲವು ಮಾತು ಹೇಳ್ತೀನಿ.

ಒಂದು, ಅವರಿಗೆ ತಿಳಿಸಿ. "ನಿನಗೆ ಆಟಿಸಂ ಇದೆ. ಸದ್ದು ನಿನಗೆ ಜೋರಾಗಿ ಕೇಳುತ್ತೆ. ಬಣ್ಣ ನೀನು ಬೇಗ ಗುರುತಿಸ್ತೀಯ" ಅಂತ ಸರಳವಾಗಿ ಹೇಳಿ. ಕಾರಣ ಗೊತ್ತಿಲ್ಲದ ಮಗು ತನ್ನನ್ನೇ ದಡ್ಡ ಅಂದುಕೊಳ್ಳಬಹುದು.

ಎರಡು, ಆರಿಸಲು ಬಿಡಿ. ಎರಡು ಅಂಗಿ ತೋರಿಸಿ ಕೇಳಿ. ಮಾತು ಬಾರದಿದ್ದರೆ ಬೆರಳಲ್ಲಿ ತೋರಿಸಲಿ. "ಬೇಡ" ಅಂದರೆ ಕಿವಿಗೊಡಿ. ಮನೆಯಲ್ಲಿ "ಬೇಡ" ಅನ್ನಲು ಕಲಿತರೆ ಹೊರಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದಾಗಲೂ ಹೇಳಲು ಸುಲಭ. ಹೆಣ್ಣುಮಕ್ಕಳಿಗೆ ಮುಟ್ಟಿನ ವಿಷಯ ಮೊದಲೇ ಚಿತ್ರ, ಪ್ಯಾಡ್ ತೋರಿಸಿ ಹೇಳಿ.

ಮೂರು, "ಎಲ್ಲರ ಹಾಗೆ ಇರು" ಎಂಬ ಒತ್ತಾಯ ಬೇಡ. ಕೈ ಆಡಿಸುವುದು, ಮೈ ತೂಗುವುದು ಯಾರಿಗೂ ನೋವು ಮಾಡದಿದ್ದರೆ ಬಿಟ್ಟುಬಿಡಿ. ದಿನವಿಡೀ ಅದನ್ನು ಅಡಗಿಸಿಟ್ಟುಕೊಳ್ಳುವ ಮಕ್ಕಳು ಒಳಗೊಳಗೇ ದಣಿಯುತ್ತಾರೆ.

ನಾಲ್ಕು, ಅವರ ಇಷ್ಟವನ್ನು ಬೆಳೆಸಿ. ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರಿಗೆ ಆಟಿಸಂ ಇದೆ, ಚಿಕ್ಕಂದಿನಲ್ಲಿ ಮಾತು ತಡವಾಗಿ ಬಂತು. ಹರೆಯದಲ್ಲಿ ದನಗಳ ಮೇಲೆ ಆಸಕ್ತಿ ಹುಟ್ಟಿ, ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ನಮ್ಮ ಮಕ್ಕಳೆಲ್ಲ ಪ್ರೊಫೆಸರ್ ಆಗಬೇಕಿಲ್ಲ. ಹಸುವಿಗೆ ಹುಲ್ಲು ಹಾಕುವುದು ಅವನ ಕೆಲಸ ಅಂತ ಮನೆಯವರು ಒಪ್ಪಿದರೂ ಸಾಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಅದು ಯಾಕೆಂದು ಮಗುವಿಗೂ ಹೇಳಿ.

ಆ ಹುಡುಗನ ತಾಯಿ ಈಗ ಮಾತು ಬದಲಿಸಿದ್ದಾರೆ. ಒಂದು ವರ್ಷವೇ ಬೇಕಾಯಿತು. ಮೊನ್ನೆ ಕೇಳಿದಾಗ ಅವನು, "ನಾನು ಬಣ್ಣ ಜೋಡಿಸ್ತೀನಿ" ಅಂದ.

ಮುಂದಿನ ವಾರ ಇಂಥ ಮಗು ತಾಯಿಯ ಜೊತೆ ಸಭೆಗೆ ಬಂದರೆ, ಮೊದಲು ಮಗುವನ್ನೇ ಹೆಸರು ಹಿಡಿದು ಮಾತಾಡಿಸಿ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ.